ಹಗೇವಿನಲ್ಲಿ ಕಂದೀಲು ಏಕೆ ಆರುತ್ತದೆ?

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸೀಮೆಯ ಯಾವ ಹಿರಿಯರನ್ನಾದರೂ ಹಗೇವಿನ ಬಗ್ಗೆ ಕೇಳಿ ನೋಡಿ. ನೆಲದೊಳಗೆ ಗಡಿಗೆಯ ಆಕಾರದಲ್ಲಿ ತೋಡಿದ ಕುಣಿ, ಒಳಸುತ್ತ ಜೋಳದ ಕಣಿಕಿ ಇಲ್ಲವೆ ಹೊಟ್ಟಿನ ಹೊದಿಕೆ, ಮೇಲೆ ಒಬ್ಬ ಮನುಷ್ಯ ಇಳಿಯುವಷ್ಟೇ ಅಗಲದ ಬಾಯಿ, ಅದರ ಮೇಲೆ ಕಲ್ಲುಚಪ್ಪಡಿ, ಚಪ್ಪಡಿಯ ಮೇಲೆ ಮೆತ್ತಿದ ಮಣ್ಣು. ಹತ್ತಾರು ಚೀಲ ಜೋಳವನ್ನು ಸುರುವಿ ಬಾಯಿ ಮುಚ್ಚಿದರೆ ವರ್ಷಗಟ್ಟಲೆ ನುಸಿ ಹತ್ತುತ್ತಿರಲಿಲ್ಲ. ಬರಗಾಲದಲ್ಲಿ ಊರನ್ನು ಉಳಿಸಿದ್ದು ಇಂಥ ಹಗೇವುಗಳೇ.

ಆದರೆ ಅದೇ ಹಿರಿಯರು ಇನ್ನೊಂದು ಮಾತನ್ನೂ ಹೇಳುತ್ತಾರೆ. ಹಗೇವಿನ ಬಾಯಿ ತೆರೆದ ಕೂಡಲೇ ಯಾರೂ ಒಳಗೆ ಇಳಿಯಬಾರದು. ಬಹಳ ಹೊತ್ತು ತೆರೆದಿಟ್ಟು, ಉರಿಯುವ ಕಂದೀಲನ್ನು ಹಗ್ಗಕ್ಕೆ ಕಟ್ಟಿ ಕೆಳಗೆ ಬಿಡಬೇಕು. ಕಂದೀಲು ಆರಿತೋ, ಆ ದಿನ ಇಳಿಯುವ ಮಾತಿಲ್ಲ. ಈ ಎಚ್ಚರ ತಪ್ಪಿದವರು ಜೋಳದ ರಾಶಿಯ ಮೇಲೆಯೇ ಕುಸಿದು ಪ್ರಾಣ ಬಿಟ್ಟದ್ದುಂಟು.

ಧಾನ್ಯವನ್ನು ಕಾಯುವ ಹಗೇವು ಮನುಷ್ಯನನ್ನು ಏಕೆ ಕೊಲ್ಲುತ್ತದೆ? ಎರಡಕ್ಕೂ ಕಾರಣ ಒಂದೇ. ಅದನ್ನು ತಿಳಿದುಕೊಂಡರೆ ಬಾವಿಯ ಹೂಳು, ಗಟಾರಿನ ಗುಂಡಿ, ಗೋಬರ್ ಗ್ಯಾಸಿನ ತೊಟ್ಟಿ, ಕಾಲಿಗೆ ನಟ್ಟ ಜಾಲಿಮುಳ್ಳು, ಇವೆಲ್ಲವುಗಳ ಅಪಾಯವೂ ಅರ್ಥವಾಗುತ್ತದೆ. ಆದುದರಿಂದ ಈ ವಾರ ಆಮ್ಲಜನಕ ಬೇಕಾದ ಜೀವಿಗಳ ಹಾಗೂ ಆಮ್ಲಜನಕ ಬೇಡವಾದ ಜೀವಿಗಳ ವಿಚಾರವನ್ನು ನೋಡೋಣ.

ಜೋಳವೂ ಉಸಿರಾಡುತ್ತದೆ

ನಾವು ಉಸಿರಾಡುವ ಗಾಳಿಯ ನೂರು ಪಾಲಿನಲ್ಲಿ ಸುಮಾರು 78 ಪಾಲು ಸಾರಜನಕ, 21 ಪಾಲು ಆಮ್ಲಜನಕ. ಉಳಿದದ್ದು ಇತರ ಅನಿಲಗಳು. ಇಂಗಾಲದ ಡೈ ಆಕ್ಸೈಡ್ ಇರುವುದು ಬಹು ಅಲ್ಪ, ಹತ್ತು ಸಾವಿರ ಪಾಲಿನಲ್ಲಿ ಸುಮಾರು ನಾಲ್ಕು ಪಾಲು ಮಾತ್ರ.

ಚೀಲದಲ್ಲಿರುವ ಜೋಳ ಸತ್ತ ವಸ್ತುವೆಂದು ನೀವು ತಿಳಿದಿದ್ದರೆ ಅದು ತಪ್ಪು. ಬಿತ್ತಿದರೆ ಮೊಳೆಯುವ ಕಾಳು ಜೀವಂತವಾಗಿಯೇ ಇದೆ. ಅದು ನಿದ್ರಿಸುತ್ತಿದೆ, ಆದರೆ ನಿದ್ರೆಯಲ್ಲೂ ನಿಧಾನವಾಗಿ ಉಸಿರಾಡುತ್ತಿದೆ. ಕಾಳಿನ ಜೊತೆ ಒಳಹೊಕ್ಕ ನುಸಿ, ಅದರ ಮೊಟ್ಟೆ ಮರಿ, ಕಣ್ಣಿಗೆ ಕಾಣದ ಬೂಷ್ಟು, ಇವೂ ಉಸಿರಾಡುತ್ತವೆ. ಬಾಯಿ ಮುಚ್ಚಿದ ಹಗೇವಿನೊಳಗೆ ಹೊಸ ಗಾಳಿ ಬರಲಾರದು. ದಿನ ಕಳೆದಂತೆ ಒಳಗಿನ ಆಮ್ಲಜನಕ ಇಳಿಯುತ್ತದೆ, ಇಂಗಾಲದ ಡೈ ಆಕ್ಸೈಡ್ ಏರುತ್ತದೆ. ಆಮ್ಲಜನಕ ನೂರಕ್ಕೆ ಎರಡು ಮೂರು ಪಾಲಿಗೆ ಇಳಿದಾಗ ನುಸಿ ಬದುಕಲಾರದು. ಹೀಗೆ ಕೀಟ ತಾನೇ ಬಳಸಿ ಮುಗಿಸಿದ ಗಾಳಿಯಲ್ಲಿ ತಾನೇ ಸಾಯುತ್ತದೆ. ಔಷಧಿಯಿಲ್ಲ, ಪುಡಿಯಿಲ್ಲ, ವಿಷದ ಗುಳಿಗೆಯಿಲ್ಲ. ಗಾಳಿಯಾಡದ ಪ್ಲಾಸ್ಟಿಕ್ ಚೀಲಗಳಲ್ಲಿ ಧಾನ್ಯ ತುಂಬುವ ಇಂದಿನ ವಿಧಾನಕ್ಕೂ ಇದೇ ತತ್ತ್ವ ಆಧಾರವಾಗಿದೆ.

ನುಸಿಗೆ ಸಾಲದ ಗಾಳಿ ಮನುಷ್ಯನಿಗೆ ಸಾಕಾದೀತೆ? ಇಂಗಾಲದ ಡೈ ಆಕ್ಸೈಡ್ ಗಾಳಿಗಿಂತ ಒಂದೂವರೆ ಪಟ್ಟು ಭಾರವಾದ ಅನಿಲ. ಮುಚ್ಚಳ ತೆಗೆದರೂ ಅದು ಹೊಗೆಯಂತೆ ಮೇಲೇಳುವುದಿಲ್ಲ, ಕುಣಿಯ ತಳದಲ್ಲಿ ನೀರು ನಿಂತ ಹಾಗೆ ನಿಂತಿರುತ್ತದೆ. ಅದಕ್ಕೆ ಬಣ್ಣವಿಲ್ಲ, ಮೂಗಿಗೆ ಬಡಿಯುವ ವಾಸನೆಯೂ ಇಲ್ಲ.

ಕಂದೀಲು ಹೇಳುವುದು, ಹೇಳದಿರುವುದು

ಉರಿಯುವುದಕ್ಕೂ ಉಸಿರಾಡುವುದಕ್ಕೂ ಆಮ್ಲಜನಕ ಬೇಕು ಎಂಬುದು ನಮ್ಮ ಹಿರಿಯರಿಗೆ ಅನುಭವದಿಂದ ಗೊತ್ತಿತ್ತು. ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ 1771ರಲ್ಲಿ ಇದನ್ನೇ ಪ್ರಯೋಗ ಮಾಡಿ ನೋಡಿದನು. ಮುಚ್ಚಿದ ಗಾಜಿನ ಪಾತ್ರೆಯೊಳಗೆ ಮೇಣದ ಬತ್ತಿ ಉರಿದು ಆರಿತು. ಅಂಥದೇ ಗಾಳಿಯಲ್ಲಿ ಇಲಿಯೂ ಬದುಕಲಾರದೆಂದು ಕಂಡುಬಂತು. ಆದರೆ ಅದರೊಳಗೆ ಪುದೀನದ ಒಂದು ಗಿಡವನ್ನಿಟ್ಟು ಕೆಲ ದಿನ ಕಳೆದ ಮೇಲೆ ಬತ್ತಿ ಮತ್ತೆ ಉರಿಯಿತು. ಗಿಡ ಗಾಳಿಯನ್ನು ಮತ್ತೆ ಬಳಸಲು ಯೋಗ್ಯವಾಗಿಸಿತ್ತು. ಬಿಸಿಲಿನಲ್ಲಿ ಹಸುರೆಲೆ ಆಮ್ಲಜನಕವನ್ನು ಬಿಡುತ್ತದೆ ಎಂಬ ತಿಳಿವಳಿಕೆಗೆ ಇದು ಮೊದಲ ಮೆಟ್ಟಿಲಾಯಿತು.

ಆಮ್ಲಜನಕ ನೂರಕ್ಕೆ ಸುಮಾರು 16 ಪಾಲಿಗೆ ಇಳಿದಾಗ ಕಂದೀಲು ಆರುತ್ತದೆ. ಆ ಹೊತ್ತಿಗೆ ಮನುಷ್ಯನಿಗೆ ತಲೆ ಭಾರ, ಏದುಸಿರು, ಗಲಿಬಿಲಿ ಆರಂಭವಾಗಿರುತ್ತದೆ. ಹತ್ತು ಪಾಲಿಗೆ ಇಳಿದರೆ ಎಚ್ಚರ ತಪ್ಪುತ್ತದೆ. ಆರು ಪಾಲಿಗಿಂತ ಕಡಿಮೆಯಾದರೆ ಕೆಲವೇ ನಿಮಿಷಗಳಲ್ಲಿ ಸಾವು.

ಹಾಗಾದರೆ ಕಂದೀಲು ಉರಿಯುತ್ತಿದ್ದರೆ ಧೈರ್ಯವಾಗಿ ಇಳಿಯಬಹುದೆ? ಇಲ್ಲ. ಕಂದೀಲು ಆರಿದರೆ ಅಪಾಯ ಖಚಿತ, ಆದರೆ ಉರಿದ ಮಾತ್ರಕ್ಕೆ ಸುರಕ್ಷಿತ ಎಂದಲ್ಲ. ವಿಷಾನಿಲವಿದ್ದರೆ ಅದನ್ನು ಕಂದೀಲು ತೋರಿಸದು. ಗಟಾರು, ಮಲದ ಗುಂಡಿ, ಗೋಬರ್ ಗ್ಯಾಸಿನ ತೊಟ್ಟಿಗಳಲ್ಲಿಯಂತೂ ಉರಿ ಹಿಡಿಯುವ ಅನಿಲವಿರುತ್ತದೆ. ಅಲ್ಲಿ ಕಂದೀಲು ಬಿಟ್ಟರೆ ಬೆಂಕಿ ಸಿಡಿದು ಅನಾಹುತವಾದೀತು. ಹಗೇವಿನ ಉಪಾಯವನ್ನು ಅಲ್ಲಿ ಎಂದೂ ಬಳಸಬಾರದು.

ನಮ್ಮ ಶರೀರಕ್ಕೆ ಆಮ್ಲಜನಕ ಏಕೆ ಬೇಕು?

ಒಲೆಯಲ್ಲಿ ಕಟ್ಟಿಗೆ ಉರಿದು ಶಾಖ ಕೊಡುವಂತೆ, ಜೀವಕೋಶದೊಳಗೆ ಗ್ಲೂಕೋಸ್ ನಿಧಾನವಾಗಿ ಉರಿದು ಶಕ್ತಿ ಕೊಡುತ್ತದೆ. ಆಮ್ಲಜನಕವಿದ್ದರೆ ಗ್ಲೂಕೋಸಿನ ಒಂದು ಅಣುವಿನಿಂದ ಶಕ್ತಿಯ ಸುಮಾರು 30 ನಾಣ್ಯ ದೊರೆಯುತ್ತವೆ ಎಂದು ಇಟ್ಟುಕೊಳ್ಳಿ. ಆಮ್ಲಜನಕವಿಲ್ಲದೆ ಅದೇ ಅಣುವನ್ನು ಒಡೆದರೆ ಸಿಗುವುದು ಎರಡೇ ನಾಣ್ಯ. ಚಿಕ್ಕ ಸೂಕ್ಷ್ಮಜೀವಿಯ ಸಂಸಾರ ಎರಡು ನಾಣ್ಯದಲ್ಲಿ ಸಾಗೀತು. ಮಿದುಳು, ಹೃದಯ, ಮೂತ್ರಪಿಂಡಗಳಿರುವ ದೊಡ್ಡ ಸಂಸಾರಕ್ಕೆ ಅದು ಸಾಲದು.

ಎಲ್ಲಕ್ಕಿಂತ ಹೆಚ್ಚು ಖರ್ಚಿನ ಅಂಗ ಮಿದುಳು. ಶರೀರದ ತೂಕದಲ್ಲಿ ಅದು ನೂರಕ್ಕೆ ಎರಡು ಪಾಲು ಮಾತ್ರ, ಆದರೆ ವಿಶ್ರಾಂತಿಯಲ್ಲಿರುವಾಗ ಶರೀರ ಬಳಸುವ ಆಮ್ಲಜನಕದಲ್ಲಿ ನೂರಕ್ಕೆ ಇಪ್ಪತ್ತು ಪಾಲು ಅದಕ್ಕೇ ಬೇಕು. ಕೂಡಿಡಲು ಅದಕ್ಕೆ ಉಗ್ರಾಣವಿಲ್ಲ. ಆಮ್ಲಜನಕ ನಿಂತ ನಾಲ್ಕೈದು ನಿಮಿಷಗಳಲ್ಲಿ ಮಿದುಳಿನ ಕೋಶಗಳಿಗೆ ಹಾನಿ ತಗಲುತ್ತದೆ.

ನಮ್ಮ ಸ್ನಾಯುಗಳು ಮಾತ್ರ ಸ್ವಲ್ಪ ಹೊತ್ತು ಸಾಲದ ಮೇಲೆ ನಡೆಯಬಲ್ಲವು. ಬಸ್ಸು ಹಿಡಿಯಲು ನೀವು ಒಂದೇ ಉಸಿರಿಗೆ ಓಡುತ್ತೀರಿ. ಆಗ ರಕ್ತ ತರುವ ಆಮ್ಲಜನಕ ಸಾಲದೆ ತೊಡೆಯ ಸ್ನಾಯು ಆಮ್ಲಜನಕವಿಲ್ಲದೆಯೇ ಗ್ಲೂಕೋಸನ್ನು ಒಡೆಯುತ್ತದೆ, ಲ್ಯಾಕ್ಟಿಕ್ ಆಮ್ಲ ಹುಟ್ಟುತ್ತದೆ. ಬಸ್ಸಿನಲ್ಲಿ ಕುಳಿತ ಮೇಲೂ ನೀವು ಏದುಸಿರು ಬಿಡುತ್ತಿರುವುದು ಆ ಸಾಲ ತೀರಿಸುವುದಕ್ಕಾಗಿ.

ಇನ್ನೊಂದು ಸೋಜಿಗವನ್ನು ಕೇಳಿ. ಶರೀರಕ್ಕೆಲ್ಲ ಆಮ್ಲಜನಕ ಹೊತ್ತು ಹಂಚುವ ಕೆಂಪು ರಕ್ತಕಣ ತನ್ನ ಹೊಟ್ಟೆಗೆ ಅದರಲ್ಲಿ ಒಂದಿಷ್ಟನ್ನೂ ಬಳಸುವುದಿಲ್ಲ. ಆಮ್ಲಜನಕ ಉರಿಸುವ ಒಲೆಯೇ ಆ ಕೋಶದಲ್ಲಿಲ್ಲ. ಅದು ಆಮ್ಲಜನಕವಿಲ್ಲದ ದಾರಿಯಿಂದಲೇ ಬದುಕುತ್ತದೆ. ಹಾಲು ಹಂಚುವವನು ಗಿರಾಕಿಯ ಹಾಲಿಗೆ ಬಾಯಿ ಹಾಕದಂತೆ.

ಮಾಗಡಿ ಕೆರೆಯ ಅತಿಥಿಗಳು

ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. ಈ ಕೆರೆ 2024ರಲ್ಲಿ ರಾಮ್ಸರ್ ತಾಣಗಳ ಪಟ್ಟಿಗೆ ಸೇರಿತು. ಮಂಗೋಲಿಯಾ, ಟಿಬೆಟ್ ಕಡೆಯ ಎತ್ತರದ ಸರೋವರಗಳಲ್ಲಿ ಮರಿ ಮಾಡುವ ಈ ಹಕ್ಕಿಗಳು ಹಿಮಾಲಯವನ್ನು ದಾಟಿ ದಕ್ಷಿಣಕ್ಕೆ ಬರುತ್ತವೆ. ದಾರಿಯಲ್ಲಿ 7,000 ಮೀಟರಿಗೂ ಮೇಲೆ ಹಾರಿದ ದಾಖಲೆಯಿದೆ. ಆ ಎತ್ತರದಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ನಮ್ಮ ಬಯಲಿನಲ್ಲಿ ಸಿಗುವುದರ ಅರ್ಧಕ್ಕಿಂತ ಕಡಿಮೆ. ನಾವಾದರೆ ಅಲ್ಲಿ ನಾಲ್ಕು ಹೆಜ್ಜೆ ಹಾಕುವುದೂ ಕಷ್ಟ. ಹಕ್ಕಿಯೋ ರೆಕ್ಕೆ ಬಡಿಯುತ್ತ ಸಾಗುತ್ತದೆ.

ಗುಟ್ಟು ಅದರ ರಕ್ತದಲ್ಲಿದೆ. ಅದರ ಹಿಮೊಗ್ಲೋಬಿನ್ ಆಮ್ಲಜನಕವನ್ನು ಹೆಚ್ಚು ಬಿಗಿಯಾಗಿ ಹಿಡಿಯಬಲ್ಲದು. ಜೊತೆಗೆ ದೊಡ್ಡ ಶ್ವಾಸಕೋಶ, ಆಳವಾದ ಉಸಿರು, ಸ್ನಾಯುಗಳಲ್ಲಿ ದಟ್ಟವಾದ ರಕ್ತನಾಳಗಳು.

ಈ ಹಕ್ಕಿಯಿಂದ ನಾವು ಕಲಿಯಬೇಕಾದ ಪಾಠವೊಂದಿದೆ. ಗಾಳಿಯಲ್ಲಿ ಎಷ್ಟು ಆಮ್ಲಜನಕವಿದೆ ಎಂಬುದಷ್ಟೇ ಮುಖ್ಯವಲ್ಲ, ಅದನ್ನು ಹೊರುವ ಹಿಮೊಗ್ಲೋಬಿನ್ ಎಷ್ಟಿದೆ ಎಂಬುದೂ ಅಷ್ಟೇ ಮುಖ್ಯ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಅರ್ಧಕ್ಕೆ ಸಮೀಪದಷ್ಟು ಜನರಿಗೆ ರಕ್ತಹೀನತೆಯಿದೆ. ಹೊರಗೆ ಗಾಳಿ ಧಾರಾಳವಾಗಿದ್ದರೂ ಇವರ ಜೀವಕೋಶಗಳು ಅರೆಹೊಟ್ಟೆಯಲ್ಲಿವೆ. ನಿಮ್ಮ ಮನೆಯ ಹೆಣ್ಣುಮಗಳು ಕೊಡ ಹೊತ್ತು ಬಂದು ಮೇಲುಸಿರು ಬಿಡುತ್ತಿದ್ದರೆ, ಕಣ್ಣಿನ ಒಳರೆಪ್ಪೆ ಬಿಳಿಚಿದ್ದರೆ, "ಆಕಿ ಮೈಗಳ್ಳಿ" ಎಂದು ದೂರಬೇಡಿ. ರಕ್ತ ಪರೀಕ್ಷೆ ಮಾಡಿಸಿ. ಗರ್ಭಿಣಿಯ ಹಿಮೊಗ್ಲೋಬಿನ್ 11 ಗ್ರಾಮಿಗಿಂತ, ಗರ್ಭಿಣಿಯಲ್ಲದ ಮಹಿಳೆಯದು 12 ಗ್ರಾಮಿಗಿಂತ ಕಡಿಮೆಯಿರಬಾರದು. ಕಬ್ಬಿಣದ ಗುಳಿಗೆ ಸರಕಾರಿ ಆಸ್ಪತ್ರೆಗಳಲ್ಲಿ ಪುಕ್ಕಟೆ ಸಿಗುತ್ತದೆ. ಅದನ್ನು ಚಹಾದ ಜೊತೆ ನುಂಗಬಾರದು, ಚಹಾ ಕಬ್ಬಿಣವನ್ನು ಮೈಗೆ ಹತ್ತಗೊಡದು.

ನೀರಿನಲ್ಲಿ, ಬೇರಿನಲ್ಲಿ

ಮೀನಿಗೂ ಆಮ್ಲಜನಕ ಬೇಕು. ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಅದು ಕಿವಿರುಗಳಿಂದ ಹೀರುತ್ತದೆ. ನೀರು ಬಿಸಿಯಾದಷ್ಟೂ ಕರಗುವ ಆಮ್ಲಜನಕ ಕಡಿಮೆ. ಬೇಸಿಗೆಯಲ್ಲಿ ಬತ್ತಿದ, ಪಾಚಿಗಟ್ಟಿದ ಕೆರೆಯಲ್ಲಿ ನಸುಕಿನ ಹೊತ್ತಿಗೆ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ, ಅವು ಆಟವಾಡುತ್ತಿಲ್ಲ, ಉಸಿರಿಗಾಗಿ ಒದ್ದಾಡುತ್ತಿವೆ. ರಾತ್ರಿ ಬೆಳಕಿಲ್ಲದೆ ಪಾಚಿಯೂ ಆಮ್ಲಜನಕವನ್ನು ಬಿಡದೆ ಬಳಸುವುದೇ ಇದಕ್ಕೆ ಕಾರಣ.

ಬೆಳೆಗೂ ಹಾಗೆಯೇ. ಎಲೆಗೆ ಗಾಳಿ ಸಿಕ್ಕರೆ ಸಾಕು ಎಂದು ತಿಳಿಯಬೇಡಿ, ಬೇರಿಗೂ ಉಸಿರು ಬೇಕು. ಎರೆ ಹೊಲದಲ್ಲಿ ಮಳೆ ಹಿಡಿದು ನೀರು ನಿಂತರೆ ಹೆಸರು, ಶೇಂಗಾ, ಉಳ್ಳಾಗಡ್ಡಿ ಹಳದಿ ತಿರುಗಿ ಕೊಳೆಯುವುದನ್ನು ನಮ್ಮ ರೈತರು ಬಲ್ಲರು. ಮಣ್ಣಿನ ಸಂದುಗಳಲ್ಲಿದ್ದ ಗಾಳಿಯನ್ನು ನೀರು ಹೊರದಬ್ಬಿರುತ್ತದೆ. ಭತ್ತ ಮಾತ್ರ ನಿಂತ ನೀರಿನಲ್ಲೂ ನಗುತ್ತದೆ, ಏಕೆಂದರೆ ಎಲೆಯಿಂದ ಬೇರಿಗೆ ಗಾಳಿ ಒಯ್ಯುವ ಕೊಳವೆಗಳು ಅದರ ದಂಟಿನೊಳಗೇ ಇವೆ.

ಗಾಳಿ ಬೇಡವಾದ ಜೀವಿಗಳು

ಭೂಮಿಯ ಮೇಲೆ ಜೀವ ಹುಟ್ಟಿ 350 ಕೋಟಿ ವರ್ಷಗಳಿಗೂ ಹೆಚ್ಚಾಯಿತು. ಆಗ ಗಾಳಿಯಲ್ಲಿ ಆಮ್ಲಜನಕ ಇರಲಿಲ್ಲವೆಂದೇ ಹೇಳಬೇಕು. ಬಿಸಿಲನ್ನು ಬಳಸಿ ಆಮ್ಲಜನಕ ಬಿಡುವ ನೀಲಿಹಸಿರು ಸೂಕ್ಷ್ಮಜೀವಿಗಳಿಂದ ಸುಮಾರು 240 ಕೋಟಿ ವರ್ಷಗಳ ಹಿಂದೆ ಅದು ಗಾಳಿಯಲ್ಲಿ ಸೇರತೊಡಗಿತು. ಅಂದಿನ ಎಷ್ಟೋ ಜೀವಿಗಳಿಗೆ ಅದು ವಿಷವೇ ಆಯಿತು. ಕೆಲವು ಸತ್ತವು, ಕೆಲವು ಅದನ್ನು ಬಳಸುವುದನ್ನು ಕಲಿತವು, ಇನ್ನು ಕೆಲವು ಕೆಸರು, ಆಳದ ಮಣ್ಣು, ಪ್ರಾಣಿಗಳ ಕರುಳು ಮುಂತಾದ ಗಾಳಿ ಸೋಕದ ಮೂಲೆ ಸೇರಿದವು. ಅವುಗಳ ವಂಶ ಇಂದಿಗೂ ಅಲ್ಲಿಯೇ ಇದೆ.

ಗಾಳಿಯಿಲ್ಲದೆಯೂ ಜೀವವಿರಬಲ್ಲದು ಎಂದು 1861ರಲ್ಲಿ ಮೊದಲು ತೋರಿಸಿದವನು ಫ್ರಾನ್ಸಿನ ಲೂಯಿ ಪಾಶ್ಚರ್. ಸೂಕ್ಷ್ಮದರ್ಶಕದಡಿ ಹನಿಯ ನಡುವೆ ಚಟುವಟಿಕೆಯಿಂದಿದ್ದ ಸೂಕ್ಷ್ಮಜೀವಿಗಳು, ಗಾಳಿ ತಗಲುವ ಅಂಚಿನಲ್ಲಿ ನಿಶ್ಚಲವಾಗುವುದನ್ನು ಆತ ಕಂಡನು.

ಇಂಥ ಜೀವಿಗಳಲ್ಲಿ ಮಿತ್ರರೂ ಇದ್ದಾರೆ. ಆಕಳು ಎಮ್ಮೆಗಳ ಮೊದಲ ಹೊಟ್ಟೆಯಲ್ಲಿ ಆಮ್ಲಜನಕವಿಲ್ಲ. ಅಲ್ಲಿನ ಸೂಕ್ಷ್ಮಜೀವಿಗಳು ಕಣಿಕಿಯನ್ನು ಕೊಳೆಸಿ ಕೊಡುವುದರಿಂದಲೇ ಒಣ ಮೇವು ಹಾಲಾಗುತ್ತದೆ. ಅದೇ ಬಳಗದ ಜೀವಿಗಳು ಸೆಗಣಿಯ ತೊಟ್ಟಿಯಲ್ಲಿ ಮೀಥೇನ್ ಅನಿಲವನ್ನು ಹುಟ್ಟಿಸಿ ನಮ್ಮ ಒಲೆ ಉರಿಸುತ್ತವೆ. ಗೋಬರ್ ಗ್ಯಾಸಿನ ತೊಟ್ಟಿಯನ್ನು ಗಾಳಿಯಾಡದಂತೆ ಕಟ್ಟುವುದು ಗ್ಯಾಸು ಸೋರಬಾರದು ಎಂದಷ್ಟೇ ಅಲ್ಲ. ಗಾಳಿ ಹೊಕ್ಕರೆ ಈ ಜೀವಿಗಳು ಕೆಲಸ ನಿಲ್ಲಿಸುತ್ತವೆ. ನಮ್ಮ ದೊಡ್ಡ ಕರುಳಿನಲ್ಲಿರುವ ಅಸಂಖ್ಯ ಸೂಕ್ಷ್ಮಜೀವಿಗಳಲ್ಲಿಯೂ ಬಹುಪಾಲು ಇದೇ ಜಾತಿ. ಇನ್ನು ಇಡ್ಲಿ ಹಿಟ್ಟನ್ನು ಹುದುಗಿಸುವ, ಹಾಲನ್ನು ಮೊಸರಾಗಿಸುವ ಜೀವಿಗಳು ಆಮ್ಲಜನಕ ಇದ್ದರೂ ಇಲ್ಲದಿದ್ದರೂ ನಡೆಸಿಕೊಂಡು ಹೋಗುವಂಥವು.

ಪ್ರಾಣಿಗಳೆಲ್ಲವಕ್ಕೂ ಆಮ್ಲಜನಕ ಬೇಕೇ ಬೇಕು ಎಂಬ ನಂಬಿಕೆಯೂ ಈಗ ಸಡಿಲವಾಗಿದೆ. ಸಾಲ್ಮನ್ ಮೀನಿನ ಮಾಂಸದೊಳಗೆ ಬದುಕುವ ಒಂದು ಅತಿ ಸಣ್ಣ ಪರಾವಲಂಬಿ ಪ್ರಾಣಿಗೆ ಆಮ್ಲಜನಕ ಬಳಸುವ ಸಾಧನವೇ ಉಳಿದಿಲ್ಲವೆಂದು 2020ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು.

ಮುಳ್ಳಿನ ಗಾಯದೊಳಗಿನ ಹಗೇವು

ಈ ಬಳಗದ ಶತ್ರುಗಳಲ್ಲಿ ನಮಗೆ ಬಹಳ ಹತ್ತಿರದವನು ಧನುರ್ವಾಯುವಿನ ಸೂಕ್ಷ್ಮಜೀವಿ. ಜಪಾನಿನ ಕಿಟಸಾಟೊ 1889ರಲ್ಲಿ ಇದನ್ನು ಬೇರ್ಪಡಿಸಿ ಬೆಳೆಸಿದನು. ಗಾಳಿಯಲ್ಲಿ ಬೆಳೆಯಲೊಲ್ಲದ ಇದನ್ನು ಆತ ಹೈಡ್ರೋಜನ್ ಅನಿಲದಲ್ಲಿ ಬೆಳೆಸಬೇಕಾಯಿತು.

ಹೊಲದ ಮಣ್ಣು, ತಿಪ್ಪೆ, ದನ ಕುದುರೆಗಳ ಸೆಗಣಿ ಲದ್ದಿ, ಬೀದಿಯ ಧೂಳು, ಎಲ್ಲೆಡೆ ಈ ಜೀವಿ ಬೀಜಕದ ರೂಪದಲ್ಲಿರುತ್ತದೆ. ಗಾಳಿ ಬಿಸಿಲು ಅದನ್ನು ಬೆಳೆಯಗೊಡುವುದಿಲ್ಲ ನಿಜ, ಆದರೆ ಕೊಲ್ಲುವುದೂ ಇಲ್ಲ. ವರ್ಷಗಟ್ಟಲೆ ಅದು ಕಾದಿರಬಲ್ಲದು. ಸಾಧಾರಣ ಕುದಿಯುವ ನೀರಿಗೂ ಅದು ಜಗ್ಗದು.

ಜಾಲಿಮುಳ್ಳು, ಕುರುಪಿಯ ತುದಿ, ಹಳೆಯ ಮೊಳೆ ಕಾಲಿಗೆ ಆಳವಾಗಿ ನಟ್ಟಿತೆನ್ನಿ. ಮೇಲೆ ಸಾಸಿವೆಯಷ್ಟು ತೂತು, ಎರಡು ಹನಿ ರಕ್ತ, ಆಮೇಲೆ ಬಾಯಿ ಮುಚ್ಚಿಕೊಳ್ಳುತ್ತದೆ. ಒಳಗೆ ಜಜ್ಜಿದ ಮಾಂಸಕ್ಕೆ ರಕ್ತ ಹರಿಯದು, ಹೊರಗಿನ ಗಾಳಿ ಹೊಗದು. ಬಾಯಿ ಮುಚ್ಚಿದ ಹಗೇವಿನಂತೆಯೇ ಅಲ್ಲಿ ಆಮ್ಲಜನಕ ಇಳಿಯುತ್ತದೆ. ಹಗೇವಿನಲ್ಲಿ ನುಸಿ ಸತ್ತರೆ, ಇಲ್ಲಿ ಗಾಳಿಗೆ ಹೆದರಿ ಮಲಗಿದ್ದ ಬೀಜಕ ಏಳುತ್ತದೆ, ಬೆಳೆಯುತ್ತದೆ, ವಿಷವನ್ನು ಬಿಡುತ್ತದೆ. ದೊಡ್ಡದಾಗಿ ತೆರೆದು ರಕ್ತ ಸುರಿಯುವ ಗಾಯಕ್ಕಿಂತ ಸಣ್ಣ ಆಳದ ಗಾಯ ಈ ವಿಷಯದಲ್ಲಿ ಹೆಚ್ಚು ಅಪಾಯಕಾರಿ. ತುಕ್ಕು ವಿಷವಲ್ಲ. ತುಕ್ಕು ಹಿಡಿದ ಮೊಳೆ ಮಣ್ಣಿನಲ್ಲಿ ಬಿದ್ದಿತ್ತು ಎಂಬುದೇ ವಿಷಯ. ಹೊಚ್ಚಹೊಸ ಸೂಜಿಗೆ ಮಣ್ಣು ಹತ್ತಿದ್ದರೂ ಭಯ ಇದ್ದದ್ದೇ.

ಗಾಯವಾದ ಮೂರರಿಂದ ಇಪ್ಪತ್ತೊಂದು ದಿನಗಳಲ್ಲಿ, ಹೆಚ್ಚಾಗಿ ಎಂಟು ಹತ್ತು ದಿನಕ್ಕೆ ಲಕ್ಷಣ ತೋರುತ್ತವೆ. ಮೊದಲು ದವಡೆ ಬಿಗಿಯುತ್ತದೆ, ರೊಟ್ಟಿ ಜಗಿಯಲಾಗದು. ಬಳಿಕ ಕುತ್ತಿಗೆ, ಹೊಟ್ಟೆ, ಬೆನ್ನು ಬಿಗಿದು ಶರೀರ ಬಿಲ್ಲಿನಂತೆ ಬಾಗುತ್ತದೆ. ಸಣ್ಣ ಸದ್ದಿಗೂ ಸೆಳೆತ ಬರುತ್ತದೆ, ಆದರೆ ರೋಗಿಗೆ ಎಚ್ಚರವಿರುತ್ತದೆ. ಉಸಿರಾಟದ ಸ್ನಾಯುಗಳು ಬಿಗಿದಾಗ ಸಾವು. ಗಾಳಿ ಬೇಡವಾದ ಜೀವಿ ಗಾಳಿ ಬೇಕಾದ ಜೀವಿಯನ್ನು ಉಸಿರುಗಟ್ಟಿಸಿಯೇ ಕೊಲ್ಲುತ್ತದೆ.

ಹಿಂದೆ ಇದರ ದೊಡ್ಡ ಬಲಿ ಎಳೆಗೂಸುಗಳದು. ಕುಡುಗೋಲು, ಹಳೆಯ ಬ್ಲೇಡಿನಿಂದ ಹೊಕ್ಕಳುಬಳ್ಳಿ ಕೊಯ್ದು, ಮೇಲೆ ಸೆಗಣಿ ಬೂದಿ ಹಚ್ಚುತ್ತಿದ್ದರು. ಎರಡು ದಿನ ಚೆನ್ನಾಗಿ ಮೊಲೆಯುಂಡ ಕೂಸು ಆಮೇಲೆ ಬಾಯಿ ತೆರೆಯಲಾರದೆ ಹೋಗುತ್ತಿತ್ತು. "ದೃಷ್ಟಿ ತಾಕಿತು" ಎಂದು ಅಳುವುದೊಂದೇ ಉಳಿಯುತ್ತಿತ್ತು. ತಾಯಂದಿರಿಗೆ ಲಸಿಕೆ, ಆಸ್ಪತ್ರೆಯಲ್ಲಿ ಹೆರಿಗೆ, ಶುಚಿಯಾದ ಬ್ಲೇಡು, ಇವು ಮೂರೂ ಸೇರಿ ಈ ಚಿತ್ರವನ್ನು ಬದಲಿಸಿದವು. 2015ರಲ್ಲಿ ಭಾರತವು ತಾಯಿ ಹಾಗೂ ನವಜಾತ ಶಿಶುವಿನ ಧನುರ್ವಾಯುವನ್ನು ಹತೋಟಿಗೆ ತಂದ ದೇಶವೆಂದು ಮಾನ್ಯತೆ ಪಡೆಯಿತು. ಅಂದರೆ ಪ್ರತಿ ಜಿಲ್ಲೆಯಲ್ಲಿಯೂ ಸಾವಿರ ಜೀವಂತ ಜನನಗಳಿಗೆ ಒಂದಕ್ಕಿಂತ ಕಡಿಮೆ ಪ್ರಕರಣ. ರೋಗ ನಿರ್ನಾಮವಾಯಿತೆಂದು ಇದರ ಅರ್ಥವಲ್ಲ. ಸಿಡುಬಿನಂತೆ ಇದು ಮನುಷ್ಯರಿಂದ ಬರುವುದಲ್ಲ, ಮಣ್ಣಿನಿಂದ ಬರುವುದು. ಮಣ್ಣು ಇರುವ ತನಕ ಲಸಿಕೆ ಬೇಕು. ಪಕ್ಕದ ಮನೆಯವರು ಹಾಕಿಸಿಕೊಂಡರೆ ನಿಮಗೆ ರಕ್ಷಣೆಯಿಲ್ಲ. ಒಮ್ಮೆ ರೋಗ ಬಂದು ಉಳಿದವನಿಗೂ ಅದು ಮತ್ತೆ ಬರಬಹುದು.

ಇದೇ ಕುಲದ ಇನ್ನೊಂದು ಜೀವಿಯ ಬೀಜಕ ಜೇನುತುಪ್ಪದಲ್ಲಿರಬಹುದು. ದೊಡ್ಡವರ ಕರುಳಿನಲ್ಲಿ ಅದು ಬೆಳೆಯಲಾರದು, ಎಳೆಯ ಕರುಳಿನಲ್ಲಿ ಬೆಳೆದು ಮೈಯನ್ನೆಲ್ಲ ಸಡಿಲಗೊಳಿಸುವ ವಿಷ ಬಿಡಬಹುದು. ಹುಟ್ಟಿದ ಕೂಸಿಗೆ ಜೇನು ನೆಕ್ಕಿಸುವ ರೂಢಿ ನಿಮ್ಮ ಮನೆಯಲ್ಲಿದ್ದರೆ ಬಿಟ್ಟುಬಿಡಿ. ಒಂದು ವರ್ಷ ತುಂಬುವ ತನಕ ಜೇನು ಬೇಡ.

ಕುಣಿಗೆ ಇಳಿದವರು, ಉಳಿಸಲು ಹೋದವರು

ಹಗೇವುಗಳು ಬಹುತೇಕ ಮುಚ್ಚಿಹೋಗಿವೆ. ಆದರೆ ಅವುಗಳ ಜಾಗದಲ್ಲಿ ನಾವು ಬೇರೆ ಕುಣಿಗಳನ್ನು ಕಟ್ಟಿಕೊಂಡಿದ್ದೇವೆ. ಶೌಚಾಲಯದ ಗುಂಡಿಗಳಲ್ಲಿ, ಒಳಚರಂಡಿಯ ಮ್ಯಾನ್‌ಹೋಲ್‌ಗಳಲ್ಲಿ ಆಮ್ಲಜನಕರಹಿತ ಜೀವಿಗಳು ಮೀಥೇನ್ ಜೊತೆಗೆ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲವನ್ನು ಹುಟ್ಟಿಸುತ್ತವೆ. ಕೊಳೆತ ತತ್ತಿಯ ವಾಸನೆ ಅದರದೇ. ಆದರೆ ಅದು ಹೆಚ್ಚಾದಾಗ ಮೂಗಿನ ಗ್ರಹಣಶಕ್ತಿಯೇ ಕೆಡುತ್ತದೆ. "ವಾಸನೆ ಹೋಯಿತು, ಇನ್ನು ಇಳಿಯಬಹುದು" ಎಂದುಕೊಂಡ ಕ್ಷಣವೇ ಸಾವಿನ ಕ್ಷಣವಾಗಬಹುದು.

"ಉಸಿರುಗಟ್ಟಿದರೆ ಮೇಲೆ ಬಂದರಾಯಿತು" ಎನ್ನುವವರೂ ಇದ್ದಾರೆ. ಉಸಿರುಗಟ್ಟಿದ ಭಾವನೆ ನಮಗೆ ಮುಖ್ಯವಾಗಿ ಬರುವುದು ಇಂಗಾಲದ ಡೈ ಆಕ್ಸೈಡ್ ಏರುವುದರಿಂದ, ಆಮ್ಲಜನಕ ಇಳಿಯುವುದರಿಂದ ಅಲ್ಲ. ಮೀಥೇನಿನಂಥ ಅನಿಲ ತುಂಬಿ ಆಮ್ಲಜನಕ ಇಲ್ಲವಾದ ಕಡೆ ಯಾವ ಮುನ್ಸೂಚನೆಯೂ ಇಲ್ಲದೆ ಎರಡು ಮೂರು ಉಸಿರಿಗೆ ಕಾಲು ಕುಸಿಯುತ್ತವೆ. ಮೇಲೆ ಬರಲು ಶಕ್ತಿಯೂ ಇರದು, ಬುದ್ಧಿಯೂ ಓಡದು.

ಇಂಥ ದುರಂತಗಳಲ್ಲಿ ಸಾಯುವವರು ಎಷ್ಟೋ ಸಲ ಒಬ್ಬರಲ್ಲ. ತಮ್ಮ ಬಿದ್ದನೆಂದು ಅಣ್ಣ ಇಳಿಯುತ್ತಾನೆ, ಅಣ್ಣ ಬರಲಿಲ್ಲವೆಂದು ನೆರೆಯವನು ಇಳಿಯುತ್ತಾನೆ. ಒಂದೇ ಕುಣಿಯಲ್ಲಿ ಮೂವರು ನಾಲ್ವರು. ಕರುಳಿನ ಕೂಗಿಗೆ ಓಗೊಟ್ಟವರೇ ಹೀಗೆ ಬಲಿಯಾಗುತ್ತಾರೆ.

ಮಲದ ಗುಂಡಿಗೆ, ಒಳಚರಂಡಿಗೆ ಮನುಷ್ಯರನ್ನು ಇಳಿಸಿ ಶುಚಿಗೊಳಿಸುವುದನ್ನು 2013ರ ಕಾಯಿದೆ ನಿಷೇಧಿಸಿದೆ. ಮೃತರ ಕುಟುಂಬಕ್ಕೆ ಹತ್ತು ಲಕ್ಷ ರೂಪಾಯಿ ಪರಿಹಾರವೆಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತ್ತು. 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಪರಿಹಾರ ಎಷ್ಟಾದರೂ ಹೋದ ಉಸಿರು ಮರಳದು. ನಿಮ್ಮ ಮನೆಯ ಗುಂಡಿ ತುಂಬಿದರೆ ಹೀರುವ ಯಂತ್ರದ ಗಾಡಿಯನ್ನೇ ಕರೆಸಿ. ನಾಲ್ಕು ಕಾಸು ಉಳಿಯುತ್ತದೆಂದು ಬಡವನೊಬ್ಬನನ್ನು ಇಳಿಸಬೇಡಿ, ಅದು ಅಪರಾಧ.

ನೆನಪಿಡಬೇಕಾದ ಮಾತುಗಳು

1. ಹಗೇವು, ಹಾಳುಬಾವಿ, ಗುಂಡಿ, ತೊಟ್ಟಿ, ಬಹುಕಾಲ ಮುಚ್ಚಿದ್ದ ಯಾವುದಕ್ಕೂ ಏಕಾಏಕಿ ಇಳಿಯಬೇಡಿ. ಹಗೇವಿನ ಕಾಳನ್ನು ಸಾಧ್ಯವಾದಷ್ಟು ಮೇಲಿನಿಂದಲೇ ತೆಗೆಯಿರಿ. ಗಾಳಿ ಊದುವ ಯಂತ್ರವಿದ್ದರೆ ಬಳಸಿ.

2. ಬಾವಿಯೊಳಗೆ ಡೀಸೆಲ್ ಇಲ್ಲವೆ ಪೆಟ್ರೋಲಿನ ಪಂಪು ಇಳಿಸಿ ಓಡಿಸಬೇಡಿ. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ರಕ್ತದ ಹಿಮೊಗ್ಲೋಬಿನ್ನನ್ನೇ ಹಿಡಿದು ಕೂಡುತ್ತದೆ. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಒಲೆ ಇಟ್ಟು ಮಲಗುವುದೂ ಅಷ್ಟೇ ಅಪಾಯ.

3. ಯಾರಾದರೂ ಒಳಗೆ ಬಿದ್ದರೆ ಹಿಂದೆ ಇಳಿಯಬೇಡಿ. 112ಕ್ಕೆ ಕರೆ ಮಾಡಿ, ಅಗ್ನಿಶಾಮಕ ದಳ ಬರುವ ತನಕ ಮೇಲಿನಿಂದ ಗಾಳಿ ಬಿಡಿ. ಎಚ್ಚರವಿದ್ದರೆ ಹಗ್ಗ ಎಸೆಯಿರಿ. ಹೊರತೆಗೆದ ಮೇಲೆ ಬಯಲಿನಲ್ಲಿ ಮಲಗಿಸಿ, 108 ಕರೆಸಿ. ಉಸಿರು ನಿಂತಿದ್ದರೆ, ಬಲ್ಲವರು ಎದೆಯೊತ್ತುವ ಚಿಕಿತ್ಸೆಯನ್ನು ತಕ್ಷಣ ಆರಂಭಿಸಲಿ.

4. ಮುಳ್ಳು ಮೊಳೆ ನಟ್ಟರೆ ಹರಿಯುವ ನೀರು, ಸಾಬೂನಿನಿಂದ ಚೆನ್ನಾಗಿ ತೊಳೆಯಿರಿ. ಸೆಗಣಿ, ಸುಣ್ಣ, ಬೂದಿ, ಚಹಾಪುಡಿ ತುಂಬಬೇಡಿ. ಅದು ಗಾಯದ ಬಾಯಿಗೆ ಚಪ್ಪಡಿ ಮುಚ್ಚಿದಂತೆ. ಅಂದೇ ವೈದ್ಯರಿಗೆ ತೋರಿಸಿ, ಕೊನೆಯ ಚುಚ್ಚುಮದ್ದು ಎಂದು ಆಯಿತೆಂಬುದನ್ನು ಹೇಳಿ.

5. ಮಕ್ಕಳಿಗೆ ಆರು, ಹತ್ತು, ಹದಿನಾಲ್ಕನೆಯ ವಾರಗಳಲ್ಲಿ, ಒಂದೂವರೆ ವರ್ಷದ ಸುಮಾರಿಗೆ, ಐದಾರು ವರ್ಷಕ್ಕೆ, ಮತ್ತೆ ಹತ್ತು ಹಾಗೂ ಹದಿನಾರನೆಯ ವರ್ಷಕ್ಕೆ ಲಸಿಕೆ ತಪ್ಪದಿರಲಿ. ಗರ್ಭಿಣಿಗೆ ಬೇಗನೆ ಒಂದು, ನಾಲ್ಕು ವಾರದ ಬಳಿಕ ಇನ್ನೊಂದು. ಹಿಂದಿನ ಬಸಿರಿನಲ್ಲಿ ಎರಡೂ ಆಗಿ ಮೂರು ವರ್ಷದೊಳಗೆ ಮತ್ತೆ ಬಸಿರಾದರೆ ಒಂದು ಸಾಕು. ಹೊಲದಲ್ಲಿ ದುಡಿಯುವ ದೊಡ್ಡವರೂ ಹತ್ತು ವರ್ಷಕ್ಕೊಮ್ಮೆ ಹಾಕಿಸಿಕೊಳ್ಳುವುದು ಲೇಸು.

6. ಕೂಸಿನ ಹೊಕ್ಕಳಿಗೆ ಏನನ್ನೂ ಹಚ್ಚಬೇಡಿ. ಅದು ಒಣಗಿ ತಾನಾಗಿ ಬೀಳಲಿ.

ಹಗೇವು ತೆರೆದಾಗ ಕಾಯುವ ತಾಳ್ಮೆ ನಮ್ಮ ಹಿರಿಯರಲ್ಲಿತ್ತು. ಅವರು ಆಮ್ಲಜನಕದ ಹೆಸರು ಕೇಳಿರಲಿಲ್ಲ, ಆದರೆ ಅದಿಲ್ಲದ ಜಾಗವನ್ನು ಗುರುತಿಸಬಲ್ಲವರಾಗಿದ್ದರು. ಹೆಸರು ಬಲ್ಲ ನಾವು ಆ ತಾಳ್ಮೆಯನ್ನೂ ಉಳಿಸಿಕೊಂಡರೆ ಎಷ್ಟೋ ಮನೆಗಳ ದೀಪ ಆರದೆ ಉಳಿದೀತು.